ನಾನು ಕುಡಿಯದ ನೀರು

ಹನ್ನೊಂದು ವರ್ಷ ನಾನು ಹೊಳೆನರಸೀಪುರದ ಮನೆಯಿಂದ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ದಿನವೂ ಬಸ್ಸಿನಲ್ಲಿ ಓಡಾಡಿದೆ. ವಿಜ್ಞಾನ ಪಾಠ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಬ್ಯಾಗಿನೊಳಕ್ಕೆ ಎಲ್ಲಕ್ಕಿಂತ ಮೊದಲು ಇಳಿಯುತ್ತಿದ್ದದ್ದು ಎರಡು ಲೀಟರಿನ ನೀರಿನ ಬಾಟಲಿ. ಊಟದ ಡಬ್ಬಿ, ಪುಸ್ತಕ, ಕೊಡೆ ಎಲ್ಲ ಆಮೇಲೆ. ಕೆಲಸಕ್ಕೆ ಸೇರಿದ ದಿನವೇ ಸಹೋದ್ಯೋಗಿಯೊಬ್ಬರು ಕಿವಿಮಾತು ಹೇಳಿದ್ದರು: "ಇಲ್ಲಿಯ ನೀರು ಬಾಯಿಗೆ ಇಡಬೇಡಿ ಮೇಡಂ, ಬೋರಿನದು. ನಾವೆಲ್ಲ ಮನೆಯಿಂದಲೇ ತರ್ತೀವಿ." ಸ್ಟಾಫ್ ರೂಮಿನ ಕಿಟಕಿಯ ಕಟ್ಟೆಯ ಮೇಲೆ ಏಳು ಬಾಟಲಿ ಸಾಲಾಗಿ ನಿಂತಿರುತ್ತಿದ್ದವು. ಮಾರನೆಯ ದಿನದಿಂದ ಎಂಟಾಯಿತು. ಅದರಲ್ಲಿ ಏನಾದರೂ ತಪ್ಪಿದೆ ಎಂದು ಒಂಬತ್ತು ವರ್ಷ ನನಗೆ ಒಂದು ಸಲವೂ ಅನ್ನಿಸಲಿಲ್ಲ.

ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಬೇರೆಯವರ ಮೇಲೂ ಬರುತ್ತದೆ. ಎರಡನ್ನೂ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸನ್ನು ಮಕ್ಕಳು, ಮೇಷ್ಟ್ರುಗಳು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಆದರೆ ಅವರು ನಡೆದು ಬರುವುದನ್ನು ನೋಡಿದವರು ಅರವತ್ತು ದಾಟಿದೆ ಎಂದುಕೊಳ್ಳಬೇಕು. ಮಂಡಿಗಳು ಹೊರಕ್ಕೆ ಬಾಗಿದ್ದವು. ಕೂತರೆ ಏಳಲು ಅಡುಗೆಮನೆಯ ಗೋಡೆ ಹಿಡಿಯಬೇಕಿತ್ತು. ಕತ್ತು ತಿರುಗಿಸಲು ಆಗದೆ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ದಿನಾ ಅವರಿಗೆ ತೊಗರಿಬೇಳೆಯ ಜೊತೆ ಜಗಳ. ಬೆಳಿಗ್ಗೆ ಬಂದ ತಕ್ಷಣ ನೆನೆಹಾಕುವರು, ಅಡುಗೆ ಸೋಡ ಉದುರಿಸುವರು, ಆದರೂ ಅದು ಕಾಳು ಕಾಳಾಗಿಯೇ ಉಳಿಯುತ್ತಿತ್ತು.

"ಈ ನೀರ್ನಾಗೆ ಕಲ್ಲಾದ್ರೂ ಬೆಂದಾತು, ಬ್ಯಾಳೆ ಬೇಯಾಕಿಲ್ಲ ಕಣಮ್ಮ" ಎಂದು ಸೌಟು ಕುಟ್ಟುತ್ತಿದ್ದರು. ಅನ್ನ ಹಳದಿಗೆ ತಿರುಗುತ್ತಿತ್ತು. ಪಾತ್ರೆಗಳ ತಳದಲ್ಲಿ ಸುಣ್ಣ ಬಳಿದಂಥ ಬಿಳಿ ಹಕ್ಕಳೆ ಕೂತಿರುತ್ತಿತ್ತು. ಅದನ್ನು ಕೆರೆಯಲು ಅವರು ಹಳೆಯ ಚಾಕು ಇಟ್ಟುಕೊಂಡಿದ್ದರು.

ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಕೆಲವರದು ಬಿಳಿ ಚುಕ್ಕೆ, ಕೆಲವರದು ತುಕ್ಕು ಹಿಡಿದ ತಗಡಿನ ಬಣ್ಣ. ಬಂದ ಹೊಸದರಲ್ಲಿ ನಾನು ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಎಲ್ಲರೆದುರು ನಿಲ್ಲಿಸಿ, "ಹಲ್ಲುಜ್ಜಿಕೊಂಡು ಶಾಲೆಗೆ ಬರೋಕೆ ಆಗಲ್ವಾ ನಿನಗೆ?" ಎಂದು ಗದರಿದ್ದೆ. "ದಿನಾ ಉಜ್ತೀನಿ ಮಿಸ್" ಎಂದಿದ್ದಳು. ನಾನು ನಂಬಲಿಲ್ಲ. ಮಾರನೆಯ ದಿನದಿಂದ ಅವಳು ನನ್ನ ಪ್ರಶ್ನೆಗೆ ಉತ್ತರ ಕೊಡುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲು, ಮೂಳೆ ಕೆಡುತ್ತವೆ ಎಂದು ಪಠ್ಯಪುಸ್ತಕದಲ್ಲಿ ಎರಡು ಸಾಲು ಇದ್ದವು. ನಾನೇ ಅದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಬರುತ್ತೆ ಎಂದು ಹೇಳಿ ಬಾಯಿಪಾಠ ಮಾಡಿಸಿದ್ದೆ. ಆ ಎರಡು ಸಾಲಿಗೂ ಎದುರಿಗೆ ಕೂತ ನಲವತ್ತು ಬಾಯಿಗಳಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲು ಅಷ್ಟು ವರ್ಷ ಬೇಕಾಯಿತು.

ಒಂಬತ್ತನೆಯ ವರ್ಷದ ಮಾರ್ಚಿನಲ್ಲಿ ವಿಶ್ವ ಜಲ ದಿನ ಆಚರಿಸಬೇಕೆಂದು ಸುತ್ತೋಲೆ ಬಂತು. ಮಕ್ಕಳು ಚಾರ್ಟ್ ಬರೆದರು. ಪತ್ರಿಕೆಯಿಂದ ಕತ್ತರಿಸಿದ ಆಫ್ರಿಕಾದ ಚಿತ್ರವೊಂದನ್ನು ನಡುವೆ ಅಂಟಿಸಿದ್ದರು: ಬಿರುಕು ಬಿಟ್ಟ ನೆಲ, ತಲೆಯ ಮೇಲೆ ಹಳದಿ ಕ್ಯಾನು ಹೊತ್ತ ಹುಡುಗಿಯರು. ಭಾಷಣ ಮಾಡಿದ ಹುಡುಗಿ, "ಜಗತ್ತಿನಲ್ಲಿ ಎಷ್ಟೋ ಜನಕ್ಕೆ ಕುಡಿಯಲು ಶುದ್ಧ ನೀರಿಲ್ಲ, ಪಾಪ, ಅವರ ಕಷ್ಟ ನಾವು ತಿಳಿಯಬೇಕು" ಎಂದಳು. ಅವಳ ಹಲ್ಲುಗಳು ವೇದಿಕೆಯ ಕೆಳಗಿನಿಂದಲೂ ಕಾಣುತ್ತಿದ್ದವು. ಮುಖ್ಯ ಅತಿಥಿಯಾಗಿ ಬಂದಿದ್ದ ಅಧಿಕಾರಿ, ಹಲ್ಲುಜ್ಜುವಾಗ ನಲ್ಲಿ ತಿರುಗಿಸಿ ನಿಲ್ಲಿಸಬೇಕು, ಷವರ್‌ನಲ್ಲಿ ಸ್ನಾನ ಮಾಡಬಾರದು ಎಂದು ಅರ್ಧ ಗಂಟೆ ಮಾತಾಡಿದರು. ಆ ಊರಿನಲ್ಲಿ ಷವರ್ ಇದ್ದ ಮನೆ ನನಗೆ ಗೊತ್ತಿರುವಂತೆ ಒಂದೂ ಇರಲಿಲ್ಲ. ಭಾಷಣ ಮುಗಿಸಿ ಅವರು ಜೀಪಿನಿಂದ ತಮ್ಮ ಬಾಟಲಿ ತರಿಸಿಕೊಂಡು ನೀರು ಕುಡಿದರು.

ಹೋಗುವ ಮುನ್ನ ಅವರು ಶಾಲೆಗೆ ನೀರು ಪರೀಕ್ಷೆ ಮಾಡುವ ಕಿಟ್ ಒಂದನ್ನು ಕೊಟ್ಟರು. ಚಿಕ್ಕ ಪೆಟ್ಟಿಗೆ, ಒಳಗೆ ಸಣ್ಣ ಸಣ್ಣ ಸೀಸೆಗಳು, ಬಣ್ಣ ಹೋಲಿಸಲು ಒಂದು ಕಾರ್ಡು. ಮರುದಿನ ಒಂಬತ್ತನೇ ತರಗತಿಯಲ್ಲಿ ಅದನ್ನು ತೆರೆದೆ. ಫ್ಲೋರೈಡ್ ಪರೀಕ್ಷೆ ಸುಲಭ. ನೀರಿಗೆ ಕೆಂಪು ದ್ರವ ಕೆಲವು ಹನಿ ಹಾಕಬೇಕು. ಗುಲಾಬಿ ಬಣ್ಣ ನಿಂತರೆ ನೀರು ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ಶಾಲೆಯ ನಲ್ಲಿಯ ನೀರು ತಂದು ಹನಿ ಹಾಕಿದೆವು. ಮಕ್ಕಳು ತಲೆಗೆ ತಲೆ ತಾಗಿಸಿ ನೋಡುತ್ತಿದ್ದಂತೆಯೇ ಬಣ್ಣ ಹಳದಿಯಾಯಿತು.

ಹೋಲಿಸಿ ತೋರಿಸಲು ಒಳ್ಳೆಯ ನೀರು ಬೇಕಿತ್ತು. ಯೋಚನೆ ಮಾಡದೆ ಸ್ಟಾಫ್ ರೂಮಿಗೆ ಹೋಗಿ ನನ್ನ ಬಾಟಲಿ ತಂದು, ಇನ್ನೊಂದು ಸೀಸೆಗೆ ಸುರಿದೆ. ಅದು ಗುಲಾಬಿಯಾಗಿಯೇ ನಿಂತಿತು. ಎರಡೂ ಸೀಸೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

ಮುಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಮಿಸ್, ಇದು ಎಲ್ಲಿಯ ನೀರು?"

"ನಮ್ಮ ಮನೇದು. ಹೇಮಾವತಿ ನೀರು."

"ನೀವು ಯಾವಾಗ್ಲೂ ಮನೇದೇ ಕುಡಿಯೋದಾ ಮಿಸ್?"

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಊಟಕ್ಕೆ ಎಷ್ಟು ಮಕ್ಕಳು ಎಂದು ಕೇಳಲು ಬಂದವರು. ಅವರು ಎರಡು ಸೀಸೆಗಳನ್ನೂ ನೋಡಿದರು, ನನ್ನನ್ನೂ ನೋಡಿದರು, ಲೆಕ್ಕ ಕೇಳದೆ ಹೋದರು.

ಮಧ್ಯಾಹ್ನ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಹೋಗಿ ನಿಂತೆ. ಅವರೇ ಮಾತು ತೆಗೆದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ನೀರು ಚೆನ್ನಾಗಿಲ್ಲ ಅಂತ ಗೊತ್ತಿತ್ತು ಅಕ್ಕ. ಇಷ್ಟು ಅಂತ ಗೊತ್ತಿರಲಿಲ್ಲ."

"ಚೆಂದಾಗಿಲ್ಲ ಅಂತ ಗೊತ್ತಿದ್ಕಂಡೂ ನಮ್ಗೆ ಒಂದು ಮಾತು ಏಳ್ಲಿಲ್ವಲ್ಲ ನೀವು. ಒಂಬತ್ತು ವರ್ಸ ಬಾಟ್ಲಿ ತಂದ್ರಿ."

ಅವರು ದನಿ ಏರಿಸಲಿಲ್ಲ. ಹಕ್ಕಳೆ ಕೆರೆಯುತ್ತಲೇ ಇದ್ದರು. ಮಂಡಿ ನೋವಿಗೆ ಅವರು ಎಷ್ಟು ವರ್ಷದಿಂದ ಎಣ್ಣೆ ಹಚ್ಚುತ್ತಿದ್ದಾರೆ, ಎಷ್ಟು ಮಾತ್ರೆ ನುಂಗಿದ್ದಾರೆ ಎಂಬುದೆಲ್ಲ ನನಗೆ ಗೊತ್ತಿತ್ತು. ನೀರಿನ ಬಗ್ಗೆ ಮಾತ್ರ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ.

ಆ ವಾರವೇ ಓಡಾಟ ಶುರುವಾಯಿತು. ಮೊದಲು ಪಂಚಾಯಿತಿ. ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೊಂದಿತ್ತು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಯಂತ್ರ. ಶುರುವಾದ ಎರಡನೇ ವರ್ಷವೇ ಅದು ಕೆಟ್ಟಿತ್ತು. ಈಗ ಅದರ ಬಾಗಿಲ ಚಿಲಕಕ್ಕೆ ಯಾರೋ ಮೇಕೆ ಕಟ್ಟುತ್ತಿದ್ದರು. "ಫಿಲ್ಟರ್ ಹೋಗಿದೆ ಮೇಡಂ, ನಿರ್ವಹಣೆಯ ಗುತ್ತಿಗೆ ಮುಗಿದಿದೆ, ಹೊಸ ಗುತ್ತಿಗೆ ಮೇಲಿಂದ ಆಗಬೇಕು" ಎಂದರು ಪಂಚಾಯಿತಿಯವರು. ಮೇಲೆ ಎಂದರೆ ಎಲ್ಲಿ ಎಂದು ಕೇಳಿದೆ. ಚನ್ನರಾಯಪಟ್ಟಣದ ಒಂದು ಕಚೇರಿಯ ಹೆಸರು ಹೇಳಿದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಎಂಜಿನಿಯರ್ ಸಾಹೇಬರು ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯಷ್ಟೇ. ಮರ್ಯಾದೆಯಿಂದಲೇ ಕೂರಿಸಿದರು, ಕಂಪ್ಯೂಟರಿನಲ್ಲಿ ಊರಿನ ಹೆಸರು ಹುಡುಕಿದರು.

"ನಿಮ್ಮೂರು ಪೂರ್ತಿ ಆಗಿದೆಯಲ್ಲ ಮೇಡಂ. ಎಲ್ಲ ಮನೆಗೂ ನಲ್ಲಿ ಕೊಟ್ಟಿದ್ದೀವಿ."

"ನಲ್ಲಿ ಇದೆ. ನಲ್ಲಿಗೆ ಬರೋದು ಅದೇ ಬೋರಿನ ನೀರು."

"ನೀರು ಬರ್ತಿದೆ ತಾನೇ?"

"ಬರುತ್ತೆ. ಕುಡಿಯೋಕೆ ಆಗಲ್ಲ."

"ಕುಡಿಯೋಕೆ ಘಟಕ ಇದೆಯಲ್ಲ?"

"ಅದು ಕೆಟ್ಟು ನಾಲ್ಕು ವರ್ಷ ಆಯ್ತು."

ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಘಟಕದ ಎದುರು ಹಸಿರು ಅಕ್ಷರದಲ್ಲಿ 'ಕಾರ್ಯನಿರತ' ಎಂದಿತ್ತು. "ಸಿಸ್ಟಮ್‌ನಲ್ಲಿ ಚಾಲ್ತಿ ಅಂತ ಇರೋದನ್ನ ನಾನು ರಿಪೇರಿಗೆ ಹಾಕೋಕೆ ಬರಲ್ಲ ಮೇಡಂ. ನದಿ ನೀರು ಕೊಡಬೇಕು ಅಂದ್ರೆ ಅದು ಬೇರೆ ಯೋಜನೆ. ಅದಕ್ಕೆ ಲ್ಯಾಬ್ ರಿಪೋರ್ಟ್ ಬೇಕು. ಶಾಲೆ ಕಿಟ್ಟಿನ ಬಣ್ಣ ಎಲ್ಲ ಲೆಕ್ಕಕ್ಕೆ ಬರಲ್ಲ."

ಆ ಊರಿನಿಂದ ಎರಡು ಮೈಲಿ ದೂರದಲ್ಲಿ ಹೇಮಾವತಿಯ ನಾಲೆ ಹರಿಯುತ್ತದೆ. ನೀರು ಬಿಟ್ಟ ದಿನಗಳಲ್ಲಿ ಬಸ್ಸಿನ ಕಿಟಕಿಯಿಂದ ಅದು ತುಂಬಿ ಹೋಗುವುದು ಕಾಣುತ್ತದೆ. ನನ್ನ ಮನೆಯ ಪಕ್ಕದ ಹೊಳೆಯ ನೀರೇ, ನನಗಿಂತ ಮೊದಲೇ ಆ ಊರನ್ನು ದಾಟಿ ಎಲ್ಲಿಗೋ ಹೋಗುತ್ತದೆ. ವಾಪಸು ಬರುವಾಗ ಆ ನಾಲೆಯ ಸೇತುವೆಯ ಮೇಲೆ ಬಸ್ಸು ಬಂದಾಗ ನನಗೆ ಕಿರುಚಬೇಕು ಅನ್ನಿಸಿತು. ಪಕ್ಕದಲ್ಲಿ ಕೂತಿದ್ದವರು ಕಡಲೆಕಾಯಿ ಸುಲಿಯುತ್ತಿದ್ದರು.

ಆ ದಿನಗಳಲ್ಲಿ ನಾನು ಎಲ್ಲರ ಮೇಲೂ ರೇಗುತ್ತಿದ್ದೆ. ನನ್ನ ತವರು ಅರಕಲಗೂಡು. ಅಲ್ಲಿ ಚಿಕ್ಕಪ್ಪನ ಮೊಮ್ಮಗಳ ಮದುವೆ. ಊಟದ ಎಲೆ ಎಲೆಗೂ ಪುಟ್ಟ ನೀರಿನ ಬಾಟಲಿ ಇಟ್ಟಿದ್ದರು. ಜನ ಎರಡು ಗುಟುಕು ಕುಡಿದು ಎದ್ದು ಹೋಗುತ್ತಿದ್ದರು. ಪಂಕ್ತಿ ಮುಗಿದ ಮೇಲೆ ಎಂಜಲೆಲೆ ಸುತ್ತುವವರು ಅರ್ಧ ತುಂಬಿದ ಬಾಟಲಿಗಳನ್ನು ಎಲೆಯ ಜೊತೆಗೇ ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದರು. ನಾನು ರೇಷ್ಮೆ ಸೀರೆಯಲ್ಲೇ ಬಗ್ಗಿ ಬಾಟಲಿಗಳನ್ನು ಒಂದು ಬಕೆಟ್ಟಿಗೆ ಬಗ್ಗಿಸತೊಡಗಿದೆ. ತಮ್ಮ ಬಂದು ಕೈ ಹಿಡಿದ.

"ಏನಕ್ಕಾ ಇದು, ಬೀಗರು ನೋಡ್ತಾವ್ರೆ."

"ನೋಡ್ಲಿ ಬಿಡು. ಇಷ್ಟು ನೀರು ಸಿಕ್ಕಿದ್ರೆ ನಮ್ಮ ಶಾಲೆ ಮಕ್ಕಳು ಒಂದು ವಾರ ಕುಡೀತಾವೆ."

"ಅದುಕ್ಕೆ ಇಲ್ಲಿ ಎಂಜಲು ಎತ್ತಿದ್ರೆ ಅಲ್ಲಿ ನೀರು ಬಂದ್ಬುಡ್ತದಾ?"

ಬರುವುದಿಲ್ಲ. ಅದು ನನಗೂ ಗೊತ್ತಿತ್ತು. ಬಕೆಟ್ಟಿನ ನೀರನ್ನು ಛತ್ರದ ಹಿಂದಿನ ದಾಸವಾಳದ ಗಿಡಕ್ಕೆ ಸುರಿದು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಂದೆ. ಎರಡು ವರ್ಷ ಕಳೆದರೂ ನಂಟರು ಆ ಬಕೆಟ್ಟಿನ ಕಥೆ ಹೇಳಿ ನಗುತ್ತಾರೆ.

ಲ್ಯಾಬ್ ರಿಪೋರ್ಟಿಗೆ ಹಾಸನಕ್ಕೆ ಹೋಗಬೇಕು ಎಂದಾಗ ಅಕ್ಕ ತಾವೂ ಬರುತ್ತೇನೆಂದರು. "ಈ ಮಂಡೀಲಿ ಬಸ್ಸು ಹತ್ತಿ ಇಳಿಯೋದು ಕಷ್ಟ" ಎಂದೆ. "ಮಂಡಿ ತೋರ್ಸಾಕೇ ಬರಾದು ಕಣಮ್ಮ. ನಿಮ್ ಬಾಟ್ಲಿ ನೋಡಿ ನಂಬದಿದ್ರೆ ನನ್ ಕಾಲು ನೋಡಿ ನಂಬ್ತಾರೆ" ಎಂದರು. ರಜೆ ಹಾಕಿ ಹೊರಟೆವು. ಐದು ಲೀಟರಿನ ಕ್ಯಾನನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಎರಡು ಕೈಯಲ್ಲಿ ಹಿಡಿದಿದ್ದರು.

ಹಾಸನದಲ್ಲಿ ಹೇಳಿದ ಜಾಗ ಹುಡುಕಿಕೊಂಡು ಹೋದೆವು. ಮೇಜಿನ ಹಿಂದಿದ್ದವರು ಕ್ಯಾನನ್ನು ಮುಟ್ಟಲೂ ಇಲ್ಲ. ಮಾದರಿಯನ್ನು ಪಂಚಾಯಿತಿಯವರೇ ತೆಗೆದು, ನಮೂನೆ ತುಂಬಿ, ಸೀಲು ಹಾಕಿ ಕಳಿಸಬೇಕಂತೆ. ರಿಪೋರ್ಟೂ ಅವರಿಗೇ ಹೋಗುವುದಂತೆ.

"ಪಂಚಾಯಿತಿಯವರು ಕಳಿಸ್ತಾ ಇಲ್ಲ ಅಂತಾನೇ ನಾವು ತಂದಿದ್ದೀವಿ" ಎಂದೆ.

"ನಾಳೆ ಯಾರು ಬೇಕಾದ್ರೂ ಯಾವ ನೀರು ಬೇಕಾದ್ರೂ ತರಬಹುದು ಮೇಡಂ. ಹೆಂಗೆ ನಂಬೋದು?"

ಅಕ್ಕ ಮುಂದೆ ಬಂದರು. "ಸಾ, ಸ್ವಲ್ಪ ಕುಡುದು ನೋಡಿ ಸಾ."

"ಏನಮ್ಮ?"

"ನಮ್ಮೂರಿಂದು ಹೌದೋ ಅಲ್ವೋ ಅಂತ ಅನ್ಮಾನ ಅಂದ್ರಲ್ಲ. ಒಂದು ಲೋಟ ಕುಡುದು ನೋಡಿ. ಇಂತಾ ನೀರು ಬ್ಯಾರೆ ಕಡೆ ಸಿಕ್ಕಾಕಿಲ್ಲ."

ಪಕ್ಕದ ಮೇಜಿನವರು ನಕ್ಕರು. ಇವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಿಸಿಲಲ್ಲಿ ಬಂದಿದ್ದೀರಿ, ಕೂತು ನೀರು ಕುಡಿದು ಹೋಗಿ ಎಂದು ಮೂಲೆಯಲ್ಲಿದ್ದ ಕ್ಯಾನ್ ನೀರಿನ ಕಡೆ ಕೈ ತೋರಿಸಿದರು. ಅಕ್ಕ ಒಂದು ಲೋಟ ಕುಡಿದರು. ಇನ್ನೊಂದು ಕುಡಿದರು. ಮೂರನೆಯದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು. ಆಮೇಲೆ ನಮ್ಮ ಕ್ಯಾನನ್ನು ಎತ್ತಿಕೊಂಡು ಹೊರಗೆ ಹೋದರು. ಅಂಗಳದ ಹೂಕುಂಡಕ್ಕೆ ಅಷ್ಟನ್ನೂ ಸುರಿದು, ಖಾಲಿ ಕ್ಯಾನು ತಂದು, ಎಲ್ಲರೂ ನೋಡುತ್ತಿದ್ದಂತೆ ಮೂಲೆಯ ನೀರಿನ ಕ್ಯಾನಿನ ನಲ್ಲಿಯ ಕೆಳಗೆ ಹಿಡಿದರು. ಐದು ಲೀಟರ್ ತುಂಬುವ ತನಕ ಅಲ್ಲಿಂದ ತೆಗೆಯಲಿಲ್ಲ.

"ತಂದಿದ್ದು ಬ್ಯಾಡ ಅಂದ್ರಲ್ಲ, ಒಯ್ಯಾದಾದ್ರೂ ಒಯ್ತೀವಿ ಸಾ" ಎಂದು ಮುಚ್ಚಳ ತಿರುಗಿಸಿದರು.

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕ್ಯಾನು ನಾನು ಹಿಡಿದುಕೊಂಡೆ.

ಬಸ್ಸಿನಲ್ಲಿ ಕೂತಾಗ ಅಕ್ಕ ತಮ್ಮ ಹಳೆಯ ನೀರಿನ ಕಥೆ ಹೇಳಿದರು. ಅಷ್ಟು ವರ್ಷ ಜೊತೆಗಿದ್ದೂ ನಾನು ಕೇಳಿರದ ಕಥೆ. ಅವರು ಚಿಕ್ಕವರಿದ್ದಾಗ ಊರಿನ ತೆಂಗಿನ ತೋಟದಲ್ಲಿ ಒಂದು ಸೀನೀರಿನ ಬಾವಿಯಿತ್ತಂತೆ. ಊರಿನವರೆಲ್ಲ ಅದರಿಂದಲೇ ಕುಡಿಯುವುದು. ಇವರ ಕೇರಿಯವರು ಮಾತ್ರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ.

"ತ್ವಾಟದ ಬೇಲಿ ತಾವ ಕೊಡ ಇಟ್ಕಂಡು ನಿಂತಿರಾದು. ಯಾರಾದ್ರೂ ಪುಣ್ಯಾತ್ಗಿತ್ತಿ ಮೇಲಿಂದ ಉಯ್ಯಾಗಂಟ. ಒಂದೊಂದು ದಿನ ಬಿಸ್ಲು ನೆತ್ತಿಗೆ ಬತ್ತಿತ್ತು. ಆಮೇಕೆ ನಮ್ ಕೇರೀಲಿ ಬೋರು ತೆಗುದ್ರು. ಕೈಲಿ ಒತ್ತಾದು. ಅವತ್ತು ನಮ್ಮವ್ವ ಅತ್ಬುಟ್ಲು ಕಣಮ್ಮ. ಇನ್ಮೇಲೆ ಯಾರ್ನೂ ಕೇಳಂಗಿಲ್ಲ, ಒತ್ತುದ್ರೆ ನೀರು. ನಾವು ಬೇಕು ಬೇಕು ಅಂತ ಅದುನ್ನೇ ಕುಡುದ್ವಿ. ಎಲ್ರಿಗಿಂತ ಜಾಸ್ತಿ ನಾವೇ ಕುಡುದ್ವಿ."

ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಅದ್ರಾಗೆ ಇದು ಇತ್ತು ಅಂತ ಯಾರ್ಗೆ ಗೊತ್ತು."

ಈಗ ಅವರ ಮನೆಯವರು ಬೌದ್ಧರು. ಕೇರಿಯ ಹುಡುಗಿಯರು ಕಾಲೇಜಿಗೆ ಹೋಗುತ್ತಾರೆ. ಆ ಬಾವಿಯನ್ನು ಯಾವಾಗಲೋ ಚಪ್ಪಡಿ ಹಾಕಿ ಮುಚ್ಚಿದ್ದಾರೆ, ಕಟ್ಟೆ ಹತ್ತಿದವರೂ ಹತ್ತದವರೂ ಈಗ ಕುಡಿಯುವುದು ಒಂದೇ ನೀರು. ನಾನು ಅವರ ಕೈ ಹಿಡಿದುಕೊಂಡೆ. ಅದರಿಂದ ಏನು ಪ್ರಯೋಜನ ಎಂದು ನನಗೇ ಅನ್ನಿಸಿತು, ಆದರೂ ಇಳಿಯುವ ತನಕ ಬಿಡಲಿಲ್ಲ.

ಮರುದಿನ ಶಾಲೆಗೆ ಬಂದವರೇ ಹೇಳಿದರು: "ರಾತ್ರಿ ಆ ನೀರಿಗೆ ಬ್ಯಾಳೆ ಹಾಕಿದ್ದೆ. ಎರಡು ಕುದಿಗೆ ಬೆಣ್ಣೆ ಆಗೋಯ್ತು."

ಮಳೆಯ ನೀರು ಹಿಡಿಯುವ ಯೋಚನೆ ಅಂದೇ ಬಂತು. ನಮ್ಮ ಶಾಲೆಯದು ಹೆಂಚಿನ ಮಾಡು, ಉದ್ದ ಕಟ್ಟಡ. ಮಳೆ ಬಂದರೆ ಅಂಗಳವೆಲ್ಲ ಕೆರೆ. ಹೆಡ್‌ಮಾಸ್ಟರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಇದ್ದವರು, ಕಾಗದಕ್ಕೆ ಹೆದರುವವರು.

"ಮಳೆ ನೀರು ಕುಡಿದು ಯಾವ ಮಗೂಗಾದ್ರೂ ವಾಂತಿ ಭೇದಿ ಆದ್ರೆ ಸಸ್ಪೆಂಡ್ ಆಗೋನು ನಾನು" ಎಂದರು.

"ಬೋರ್ ನೀರು ಕುಡಿದು ಮೂಳೆ ಬಗ್ಗಿದ್ರೆ?"

"ಅದಕ್ಕೆ ಯಾರೂ ಸಸ್ಪೆಂಡ್ ಆಗಲ್ಲ ಮೇಡಂ."

ಆಮೇಲೆ ಅವರು ಕನ್ನಡಕ ತೆಗೆದು ಒರೆಸುತ್ತಾ, "ಮುಂದಿನ ವಾರ ನಾನು ಮೂರು ದಿನ ತರಬೇತಿಗೆ ಹೋಗ್ತಿದ್ದೀನಿ, ಬಂದಾಗ ಶಾಲೇಲಿ ಏನಿರುತ್ತೋ ಅದನ್ನ ನೋಡ್ತೀನಿ" ಎಂದರು.

ಆ ಮೂರು ದಿನದಲ್ಲಿ ಹಳೆಯ ವಿದ್ಯಾರ್ಥಿಗಳು ಎರಡು ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ತಂದಿಳಿಸಿದರು. ಸೂರಿನುದ್ದಕ್ಕೂ ಪೈಪು ಸೀಳಿ ನೀರು ಹರಿಯುವ ದೋಣಿ ಕಟ್ಟಿದರು. ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮು ಶೋಧಿಸಲು. ಅಕ್ಕ ಅದರ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಮರಳು ತೊಳೆಸಿದರು. ಏಳು ಸಲ ತೊಳೆದರೂ ಅವರಿಗೆ ಸಮಾಧಾನವಿಲ್ಲ. ವಾಪಸು ಬಂದ ಹೆಡ್‌ಮಾಸ್ಟರು ಟ್ಯಾಂಕಿನ ಸುತ್ತ ಒಂದು ಸುತ್ತು ಬಂದು, "ಮುಚ್ಚಳ ಗಟ್ಟಿ ಇದೆ ತಾನೇ?" ಎಂದಷ್ಟೇ ಕೇಳಿದರು.

ಸೆಪ್ಟೆಂಬರಿನ ಮಳೆಗೆ ಎರಡೂ ಟ್ಯಾಂಕು ತುಂಬಿದವು. ಕಿಟ್ಟಿನಲ್ಲಿ ಪರೀಕ್ಷೆ ಮಾಡಿದೆವು, ಗುಲಾಬಿ ಬಂತು. ಮಕ್ಕಳು ಹಬ್ಬದ ಹಾಗೆ ಕೂಗಿದರು. ಕುದಿಸಿ ಆರಿಸಿದ ಆ ನೀರನ್ನು ಮೊದಲ ದಿನ ನಾನೂ ಅವರ ಸಾಲಿನಲ್ಲಿ ನಿಂತು ಕುಡಿದೆ. ಅಡುಗೆಗೂ ಅದನ್ನೇ ಬಳಸಿದೆವು. ಹೊಸವರ್ಷ ಕಳೆದು ಸಂಕ್ರಾಂತಿ ಹತ್ತಿರ ಬರುವ ತನಕ ನೀರು ಬಂತು. ಆಮೇಲೆ ಟ್ಯಾಂಕು ತಟ್ಟಿದರೆ ಡಣ್ ಎನ್ನತೊಡಗಿತು. ಬಿಸಿಲಿನ ತಿಂಗಳುಗಳೆಲ್ಲ ಇನ್ನೂ ಮುಂದಿದ್ದವು. ಮತ್ತೆ ಬೋರಿನ ನಲ್ಲಿ.

ತಪಾಸಣೆಗೆ ಬಂದವರೊಬ್ಬರು ಆ ಟ್ಯಾಂಕುಗಳ ಎದುರು ನಿಂತು, "ಒಳ್ಳೇ ಕೆಲಸ. ಆದ್ರೆ ನಲ್ಲಿ ನೀರು ಇರುವಾಗ ಇದರ ಅವಶ್ಯಕತೆ ಏನು ಅಂತ ಆಡಿಟ್‌ನಲ್ಲಿ ಕೇಳ್ತಾರೆ" ಎಂದರು. ಅವರ ಜೊತೆ ವಾದ ಮಾಡಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ನೀರು ಬರುತ್ತೆ, ಕುಡಿಯೋಕೆ ಆಗಲ್ಲ ಎಂಬ ಅದೇ ಎರಡು ವಾಕ್ಯವನ್ನು ನಾನು ಅಷ್ಟರಲ್ಲಿ ಎಷ್ಟು ಮೇಜುಗಳ ಮುಂದೆ ಹೇಳಿದ್ದೆನೋ.

ಪಂಚಾಯಿತಿಯವರು ಕೊನೆಗೂ ಮಾದರಿ ಕಳಿಸಿದರು. ರಿಪೋರ್ಟ್ ಬಂದಿದೆ ಎಂದು ಹೇಳಿದರು, ನನಗೆ ತೋರಿಸಲಿಲ್ಲ. ಊರಿನ ದಾರಿಯುದ್ದಕ್ಕೂ ಯಾರೋ ಬಂದು ಸುಣ್ಣದ ಗೆರೆ ಎಳೆದು ಹೋದರು. ನದಿ ನೀರಿನ ಪೈಪಿಗಂತೆ. ಒಂದು ಮಳೆಗೆ ಸುಣ್ಣ ತೊಳೆದುಹೋಯಿತು. ಮರುವರ್ಷ ಮತ್ತೆ ಬಂದು ಎಳೆದರು.

ಹನ್ನೊಂದನೆಯ ವರ್ಷ ನನಗೆ ಹೊಳೆನರಸೀಪುರಕ್ಕೇ ವರ್ಗವಾಯಿತು. ಎಷ್ಟೋ ವರ್ಷದ ಹಿಂದೆ ನಾನೇ ಕೇಳಿಕೊಂಡಿದ್ದ ವರ್ಗ. ಸಿಕ್ಕಾಗ ಸಂತೋಷವಾಗಬೇಕಿತ್ತು. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ನಿಂತು, ಬಂದ ಹೊಸದರಲ್ಲಿ ಹಲ್ಲಿನ ವಿಷಯಕ್ಕೆ ಒಬ್ಬ ಹುಡುಗಿಯನ್ನು ಬೈದಿದ್ದೆ, ಅದು ನನ್ನ ತಪ್ಪು ಎಂದು ಹೇಳಿದೆ. ಅವಳು ಆಗಲೇ ಮದುವೆಯಾಗಿ ರಾಮನಾಥಪುರದ ಕಡೆ ಇದ್ದಾಳೆಂದು ಯಾರೋ ಹೇಳಿದರು. ಮಾತು ಅವಳಿಗೆ ಮುಟ್ಟಿತೋ ಇಲ್ಲವೋ ತಿಳಿಯದು.

ಹೊರಡುವ ಮುನ್ನ ಘಟಕದ ಬಗ್ಗೆ ಸಹಾಯವಾಣಿಗೆ ಇನ್ನೊಂದು ದೂರು ಕೊಟ್ಟಿದ್ದೆ. ಮೂರು ವಾರದ ನಂತರ ಫೋನಿಗೆ ಸಂದೇಶ ಬಂತು: ನಿಮ್ಮ ದೂರು ಇತ್ಯರ್ಥವಾಗಿದೆ, ಸೇವೆ ತೃಪ್ತಿಕರವಾಗಿದ್ದರೆ ಒಂದು ಒತ್ತಿ. ನಾನು ಅಕ್ಕನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ಅಡುಗೆ ಕೆಲಸ ಬಿಟ್ಟಿದ್ದರು. ಗೋಡೆ ಹಿಡಿದರೂ ಏಳಲು ಆಗುತ್ತಿರಲಿಲ್ಲ. ಮೂಳೆಗೆ ಒಮ್ಮೆ ಆದದ್ದು ವಾಪಸು ಬರುವುದಿಲ್ಲ, ನೋವಿಗೆ ಮಾತ್ರೆ ಕೊಡಬಹುದು ಎಂದು ಡಾಕ್ಟರು ಹೇಳಿದ್ದರಂತೆ.

"ಘಟಕ ರಿಪೇರಿ ಮಾಡಿದ್ರಾ ಅಕ್ಕ?"

"ಬಣ್ಣ ಬಳುದವ್ರೆ ಕಣಮ್ಮ. ನೀಲಿ ಬಣ್ಣ. ಚೆಂದಾಗೈತೆ. ಒಳೀಕೆ ಬೀಗ ಹಾಕವ್ರೆ."

"ನೀರು?"

"ನೀರೆಲ್ಲಿ ಬತ್ತದೆ, ಬಣ್ಣ ಹೊಡುದ್ರೆ?"

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು, ಅವರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಒಂದು ಅರ್ಜಿ ಬರೆದೆ. 'ಮಾನ್ಯರೆ' ಎಂಬುದು ಮಾತ್ರ ನನ್ನದು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಮೇಲಿನ ಬೀದಿಯಿಂದಲೂ ನಾಲ್ಕು ಜನ ಬಂದರು. ಜಾಗ ಸಾಲದೆ ಹಾಳೆಯ ಹಿಂಬದಿಗೂ ಸಹಿ ಹೋಯಿತು. ಅದನ್ನು ನಾನೇ ಹಾಸನದ ಜಿಲ್ಲಾ ಕಚೇರಿಗೆ ಒಯ್ದು, ಮುದ್ರೆ ಹಾಕಿಸಿ, ಸ್ವೀಕೃತಿ ತಂದೆ.

ಅದಾಗಿ ಐದು ತಿಂಗಳು. ಉತ್ತರ ಬಂದಿಲ್ಲ. ವಾರಕ್ಕೊಮ್ಮೆ ಅಕ್ಕ ಫೋನ್ ಮಾಡಿ, "ಏನಾರ ಬಂತಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. "ಸರಿ, ಇನ್ನೊಂದು ದಪ ಓಗ್ಬುಟ್ಟು ಬನ್ನಿ" ಎಂದು ಇಡುತ್ತಾರೆ. ಬರುವ ಸೋಮವಾರಕ್ಕೆ ರಜೆ ಬರೆದು ಕೊಟ್ಟಿದ್ದೇನೆ.